ಶಾಲೆ ಪಕ್ಕದ ಮನೆ, ಆಫೀಸ್ ಪಕ್ಕದ ಮನೆ, ನಡುವಿನ ಮನೆ: ಮೂರರಲ್ಲೂ ಇದ್ದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಮಗೆ ಹಿಡಿಸಿದ್ದು ನಡುವಿನ ಮನೆ. ಅಲ್ಲಿಂದ ಆಫೀಸಿಗೆ ಅರ್ಧ ಗಂಟೆ. ಮಕ್ಕಳ ಶಾಲೆಗೆ ಒಂಬತ್ತು ನಿಮಿಷದ ನಡಿಗೆ. ಶಾಲೆ ದೊಡ್ಡ ಹೆಸರು ಮಾಡಿದ್ದಲ್ಲ. ಮನೆಯೂ ಬಾಡಿಗೆಯದು. ಇಲ್ಲಿಗೆ ಬರುವ ಮೊದಲು ಎರಡು ವರ್ಷ, ಎಲ್ಲರೂ ಹೊಗಳುವ ಒಂದು ಶಾಲೆಯ ಪಕ್ಕದಲ್ಲೇ ಸ್ವಂತ ಮನೆಯಲ್ಲಿದ್ದೆವು. ಅದನ್ನು ಮಾರಿ ಬಂದೆವು. ನೋಂದಣಿ ಖರ್ಚು, ಬ್ರೋಕರ್ ಕಮಿಷನ್, ಕಪಾಟು ಮಾಡಿಸಿದ ದುಡ್ಡು, ಯಾವುದೂ ವಾಪಸ್ ಬರಲಿಲ್ಲ. ಆದರೂ ಮಾರಿದ್ದೇ ಸರಿ ಅಂತ ಇಬ್ಬರಿಗೂ ಅನಿಸುತ್ತದೆ.

ನಮ್ಮ ಪರಿಸ್ಥಿತಿ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಇಬ್ಬರ ಆಫೀಸೂ ಒಂದೇ ದಿಕ್ಕಿನಲ್ಲಿದೆ. ಮಗಳು ಈಗ 5ನೇ ಕ್ಲಾಸ್, ಮಗ 1ನೇ ಕ್ಲಾಸ್. ಮನೆಯಲ್ಲಿ ಹಿರಿಯರಿಲ್ಲ. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮೊದಲಿದ್ದದ್ದು ಆಫೀಸ್ ಪಕ್ಕದ ಮನೆಯಲ್ಲಿ. ಹನ್ನೆರಡು ನಿಮಿಷ ನಡೆದರೆ ನನ್ನ ಕುರ್ಚಿ. ಮಗಳಿಗೆ ಶಾಲೆಯ ವಯಸ್ಸಾಗುವವರೆಗೂ ಇದಕ್ಕಿಂತ ಸುಖ ಬೇರೆ ಇರಲಿಲ್ಲ. ಆಮೇಲೆ ಹತ್ತಿರದ ಶಾಲೆಗೆ ಸೇರಿಸಿದೆವು. ಒಂದು ಕ್ಲಾಸಿನಲ್ಲಿ 58 ಮಕ್ಕಳು. ಒಂದೇ ವರ್ಷದಲ್ಲಿ ಮೂರು ಜನ ಟೀಚರ್ ಬದಲಾದರು. ಮಧ್ಯೆ ಐದು ವಾರ ಯಾರೂ ಇರಲಿಲ್ಲ. ಪಕ್ಕದ ಕ್ಲಾಸಿನ ಟೀಚರೇ ಎರಡೂ ಕಡೆ ಓಡಾಡಿದರು. ಆ ಟೀಚರ್ ಮೇಲೆ ನನಗೆ ಈಗಲೂ ಗೌರವವಿದೆ. ಆದರೆ ವರ್ಷದ ಕೊನೆಗೂ ಮಗಳಿಗೆ ಒಂದು ಸಾಲು ತಡೆಯದೆ ಓದಲು ಬರುತ್ತಿರಲಿಲ್ಲ. ಸುತ್ತ ಆಡಲು ಜಾಗವೂ ಇರಲಿಲ್ಲ. ಹಾಗಾಗಿ ಅಲ್ಲಿಂದ ಹೊರಟೆವು.

ಮಗಳ ಓದಿನ ಗಾಬರಿಯಲ್ಲಿ ಹೊರಟವರು ಪೂರ್ತಿ ಎದುರು ದಿಕ್ಕಿಗೆ ಹೋಗಿಬಿಟ್ಟೆವು. ಶಾಲೆಯ ಹೆಸರು ಒಂದನ್ನೇ ನೋಡಿದೆವು. ಹಾಗೆ ನೋಡುವವರು ನಾವು ಮಾತ್ರ ಅಲ್ಲ. ಅಮೆರಿಕದ ಬಾಸ್ಟನ್ ಸುತ್ತಲಿನ ಬಡಾವಣೆಗಳ ಬಗ್ಗೆ ಸಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಯಾವ ಮನೆಯ ಮಕ್ಕಳು ಯಾವ ಶಾಲೆಗೆ ಅಂತ ಅಲ್ಲಿ ಗಡಿ ಇರುತ್ತದೆ. ಆ ಗಡಿಯ ಈಚೆ ಆಚೆ ಇರುವ ಮನೆಗಳ ಬೆಲೆಯನ್ನು ಅವರು ಹೋಲಿಸಿ ನೋಡಿದರು. ಶಾಲೆಯ ಪರೀಕ್ಷೆಯ ಅಂಕ ಶೇ. 5ರಷ್ಟು ಜಾಸ್ತಿ ಇದ್ದರೆ, ಮನೆಗೆ ಶೇ. 2.5ರಷ್ಟು ಹೆಚ್ಚು ಕೊಡಲು ಜನ ತಯಾರಿದ್ದರು. ನಾವು ಅದಕ್ಕಿಂತ ಎಷ್ಟೋ ಜಾಸ್ತಿ ಕೊಟ್ಟೆವು. ಸಂಬಳದ ಅರ್ಧದಷ್ಟು ಕಂತಿಗೇ ಹೋಗುತ್ತಿತ್ತು.

ಇನ್ನೊಂದು ತಪ್ಪು ದಾರಿ ನೋಡುವುದರಲ್ಲಿ ಆಯಿತು. ಮನೆ ನೋಡಲು ಹೋಗಿದ್ದು ಭಾನುವಾರ. ನಲವತ್ತು ನಿಮಿಷದಲ್ಲಿ ತಲುಪಿದೆವು. ಇಷ್ಟೇ ತಾನೆ ಅಂದುಕೊಂಡೆವು. ಸೋಮವಾರ ಅದೇ ದಾರಿಗೆ ಎಪ್ಪತ್ತೈದು ನಿಮಿಷ ಬೇಕು ಅಂತ ಗೊತ್ತಾಗಿದ್ದು ಮನೆ ಬದಲಾಯಿಸಿದ ಮೇಲೆ.

ಆದರೂ ಎಪ್ಪತ್ತೈದು ನಿಮಿಷವನ್ನು ಹೇಗೋ ತಡೆದುಕೊಳ್ಳಬಹುದಿತ್ತು. ನಮ್ಮನ್ನು ಸೋಲಿಸಿದ್ದು ಶಾಲೆಯ ಗೇಟು.

ಶಾಲೆ ಶುರುವಾಗುವುದು 8:30ಕ್ಕೆ. ಗೇಟು ತೆರೆಯುವುದು 8:15ಕ್ಕೆ. ಅದಕ್ಕೂ ಮೊದಲು ಮಕ್ಕಳನ್ನು ಒಳಗೆ ಬಿಡುವುದಿಲ್ಲ. ನೋಡಿಕೊಳ್ಳಲು ಆ ಹೊತ್ತಿಗೆ ಯಾರೂ ಇರುವುದಿಲ್ಲವಲ್ಲ, ಅದು ಸರಿಯಾದ ನಿಯಮವೇ. ಆದರೆ ನಾವು 9 ಗಂಟೆಗೆ ಆಫೀಸಿನಲ್ಲಿ ಇರಬೇಕಾದರೆ 7:40ಕ್ಕೆ ಮನೆ ಬಿಡಬೇಕು. ಮಧ್ಯೆ ಮೂವತ್ತೈದು ನಿಮಿಷ ಉಳಿಯುತ್ತದೆ. ಏಳು ವರ್ಷದ ಹುಡುಗಿಯನ್ನು ಆ ಮೂವತ್ತೈದು ನಿಮಿಷ ಎಲ್ಲಿ ಬಿಡುವುದು?

ಶಾಲೆ ಬಸ್ ಕೇಳಿದೆವು. ಎರಡು ಕಿಲೋಮೀಟರ್‌ಗಿಂತ ದೂರದ ಮಕ್ಕಳಿಗೆ ಮಾತ್ರ ಅಂದರು. ನಾವು ಇದ್ದದ್ದು ಆರುನೂರು ಮೀಟರ್ ದೂರದಲ್ಲಿ. ಪಕ್ಕದ ಡೇ ಕೇರ್ ತೆರೆಯುವುದೇ 8 ಗಂಟೆಗೆ. ಎದುರು ಮನೆಯವರು ತುಂಬಾ ಒಳ್ಳೆಯವರು. ನಾಲ್ಕು ತಿಂಗಳು ತಮ್ಮ ಮಗನ ಜೊತೆ ಇವಳನ್ನೂ ಕರೆದುಕೊಂಡು ಹೋದರು. ಆಮೇಲೆ ಅವರು ಬೇರೆ ಊರಿಗೆ ಹೋದರು. ಬೆಳಗ್ಗೆ ಒಂದು ಗಂಟೆ ಹೊತ್ತು ಮಗಳನ್ನು ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಿದೆವು. ಅವರು ಬಾರದ ದಿನ ಇಬ್ಬರಲ್ಲಿ ಒಬ್ಬರಿಗೆ ರಜೆ. ಆರು ತಿಂಗಳಲ್ಲಿ ಹಾಗೆ ಹನ್ನೊಂದು ರಜೆ ಹೋದವು.

ಕೊನೆಗೆ ನಮ್ಮನೆಯವರು ಕೆಲಸದ ಹೊತ್ತು ಬದಲಾಯಿಸಿಕೊಂಡರು. ಬೆಳಗ್ಗೆ 10ರಿಂದ ಸಂಜೆ 7. ಬೆಳಗಿನ ತೊಂದರೆ ಮುಗಿಯಿತು. ಆದರೆ ಅವರು ಮನೆಗೆ ಬರುವಾಗ 8:30. ಮಗ ಆಗಲೇ ಮಲಗಿರುತ್ತಿದ್ದ. ಒಂದು ಶನಿವಾರ ಅವನು ಎದ್ದವನೇ, ‘ಅಪ್ಪ ಇವತ್ತು ಮನೇಲೇ ಇರ್ತಾರಾ?’ ಅಂತ ನನ್ನನ್ನು ಕೇಳಿದ. ಅವರು ಅಡುಗೆಮನೆಯಲ್ಲೇ ಇದ್ದರು, ಕೇಳಿಸಿಕೊಂಡರು. ಆ ವಾರವೇ ಮನೆ ಮಾರುವ ಮಾತು ಮೊದಲ ಸಲ ಬಂತು.

ಸಂಜೆಯದ್ದೂ ಅದೇ ಕಥೆ. 3:15ಕ್ಕೆ ಶಾಲೆ ಬಿಟ್ಟರೆ 7 ಗಂಟೆವರೆಗೂ ಮಗಳು ಟ್ಯೂಷನ್ ಮನೆಯಲ್ಲಿ. ಮಗ ನನ್ನ ಆಫೀಸಿನ ಹತ್ತಿರದ ಡೇ ಕೇರ್‌ನಲ್ಲಿ. ಅವನಿಗೂ ದಿನಕ್ಕೆರಡು ಸಲ ಆ ಎಪ್ಪತ್ತೈದು ನಿಮಿಷದ ಪ್ರಯಾಣ. ಊಟ, ಹೋಮ್‌ವರ್ಕ್ ಮುಗಿಸಿ ಮಗಳು ಮಲಗುವಾಗ 10 ಗಂಟೆ, ಏಳುವುದು 6ಕ್ಕೆ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲಿ ಹೇಳಿದೆ. ಇವಳಿಗೆ ಸಿಗುತ್ತಿದ್ದದ್ದು ಎಂಟು ಗಂಟೆ. ಒಳ್ಳೆಯ ಶಾಲೆಯ ಮೊದಲ ಪೀರಿಯಡ್‌ನಲ್ಲಿ ಅವಳು ತೂಕಡಿಸುತ್ತಾಳೆ ಅಂತ ಟೀಚರೇ ಡೈರಿಯಲ್ಲಿ ಬರೆದು ಕಳಿಸಿದ್ದರು.

ಶಾಲೆ ನಿಜವಾಗಿ ಚೆನ್ನಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಲೈಬ್ರರಿ ದೊಡ್ಡದು, ಮೈದಾನ ದೊಡ್ಡದು, ಟೀಚರ್‌ಗಳು ವರ್ಷಗಟ್ಟಲೆ ಅಲ್ಲೇ ಇರುವವರು. ಮಗಳು ಓದಲು ಕಲಿತದ್ದೂ ಅಲ್ಲೇ. ಆದರೆ ನಾವು ನಂಬಿದಷ್ಟು ಕೆಲಸ ಶಾಲೆ ಒಂದೇ ಮಾಡುವುದಿಲ್ಲ. ಅಮೆರಿಕ ಸರ್ಕಾರಕ್ಕಾಗಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ಮತ್ತು ಜೊತೆಗಾರರು 1966ರಲ್ಲಿ ಕೊಟ್ಟ ದೊಡ್ಡ ವರದಿಯಲ್ಲಿ, ಮಕ್ಕಳ ಕಲಿಕೆಯ ವ್ಯತ್ಯಾಸಕ್ಕೆ ಶಾಲೆಯ ಸೌಲಭ್ಯಕ್ಕಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣ ಅಂತ ಕಂಡುಬಂತು. ಟೀಚರ್ ಮುಖ್ಯ ಅಲ್ಲ ಅಂತ ಇದರ ಅರ್ಥ ಅಲ್ಲ. ಐದು ವಾರ ಟೀಚರ್ ಇಲ್ಲದ ಕ್ಲಾಸನ್ನು ನಾನೇ ನೋಡಿದ್ದೇನೆ. ಆದರೆ ರಿಸಲ್ಟ್ ಬೋರ್ಡಿನ ಅಂಕಗಳಲ್ಲಿ ಆ ಮಕ್ಕಳ ಮನೆಯ ಪಾಲೂ ಇರುತ್ತದೆ. ನಮ್ಮ ಮನೆಯ ಪಾಲನ್ನು ನಾವು ರಸ್ತೆಯಲ್ಲಿ ಕಳೆಯುತ್ತಿದ್ದೆವು.

ಒಂದು ಸಂಜೆ ಕೂತು ಲೆಕ್ಕ ಹಾಕಿದೆ. ಹೋಗಿ ಬರಲು ಎರಡೂವರೆ ಗಂಟೆ. ಅರ್ಧ ಗಂಟೆಯ ದಾರಿಯಾದರೆ ಒಂದೇ ಗಂಟೆ. ದಿನಕ್ಕೆ ಒಂದೂವರೆ ಗಂಟೆ ಉಳಿದರೆ, 220 ಕೆಲಸದ ದಿನಕ್ಕೆ 330 ಗಂಟೆ. ಅದೂ ನನ್ನೊಬ್ಬಳದು. ಜರ್ಮನಿಯ ಸಮೀಕ್ಷೆಗಳನ್ನು ಇಟ್ಟುಕೊಂಡು ಸ್ಟುಟ್ಜರ್ ಮತ್ತು ಫ್ರೈ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2008ರಲ್ಲಿ ಬರೆದದ್ದು ಓದಿದಾಗ ನಮ್ಮದೇ ಕಥೆ ಅನಿಸಿತು. ದೂರದಿಂದ ಓಡಾಡುವವರಿಗೆ ಒಳ್ಳೆಯ ಮನೆಯೋ ಒಳ್ಳೆಯ ಸಂಬಳವೋ ಸಿಕ್ಕಿ ಸರಿಹೋಗಬೇಕಿತ್ತು. ಆದರೆ ದಾರಿ ಉದ್ದವಾದಷ್ಟೂ ಜೀವನದ ಬಗ್ಗೆ ಜನರ ತೃಪ್ತಿ ಕಡಿಮೆಯಾಗಿಯೇ ಕಂಡಿತು.

ಮೂರನೇ ಮನೆ ಹುಡುಕುವಾಗ ರೀತಿ ಬದಲಾಯಿಸಿದೆವು. ಸೋಮವಾರ ಬೆಳಗ್ಗೆ ಒಂದು ಸಲ, ಮಳೆ ಬಂದ ಸಂಜೆ ಒಂದು ಸಲ, ಆಫೀಸಿಗೆ ಹೋಗಿ ಬಂದು ನೋಡಿದೆವು. ಚಪ್ಪಲಿ ಹಾಕಿದ ಕ್ಷಣದಿಂದ ಕುರ್ಚಿಯಲ್ಲಿ ಕೂರುವವರೆಗೆ ಲೆಕ್ಕ. 28 ನಿಮಿಷ, 36 ನಿಮಿಷ. ಒಮ್ಮೊಮ್ಮೆ ಬಸ್ಸಿನಲ್ಲಿ ನಿಲ್ಲಬೇಕು, ಅಷ್ಟೇ.

ಶಾಲೆಯಲ್ಲಿ ರಿಸಲ್ಟ್ ಕೇಳಲಿಲ್ಲ. ಕಳೆದ ವರ್ಷ ಎಷ್ಟು ಟೀಚರ್ ಬಿಟ್ಟು ಹೋದರು ಅಂತ ಕೇಳಿದೆ. ‘ಒಬ್ಬರೇ’ ಅಂದರು. ಗೇಟು ಎಷ್ಟು ಹೊತ್ತಿಗೆ ತೆರೆಯುತ್ತೀರಿ ಅಂತ ಕೇಳಿದೆ. 8 ಗಂಟೆಗೆ. ಟಾಯ್ಲೆಟ್ ನೋಡಿದೆ, ಸ್ವಚ್ಛವಾಗಿತ್ತು. ಆಮೇಲೆ ಮಕ್ಕಳ ನೋಟ್‌ಬುಕ್ ನೋಡಬಹುದಾ ಅಂತ ಕೇಳಿದೆ. ನಾಲ್ಕೈದು ತೆಗೆದು ಕೊಟ್ಟರು. ಅದರಲ್ಲಿ ತಪ್ಪುಗಳಿದ್ದವು. ಒಂದೊಂದು ಮಗುವಿನ ತಪ್ಪು ಒಂದೊಂದು ಥರ. ಪ್ರತಿಯೊಂದರ ಪಕ್ಕದಲ್ಲೂ ಟೀಚರ್ ಕೈಬರಹ. ಬೋರ್ಡ್ ನೋಡಿ ಕಾಪಿ ಮಾಡಿದ್ದರೆ ಎಲ್ಲ ಪುಸ್ತಕವೂ ಒಂದೇ ಥರ ಇರುತ್ತದೆ, ಅಲ್ವಾ? ಈ ಮಕ್ಕಳು ಸ್ವಂತವಾಗಿ ಬರೆಯುತ್ತಿದ್ದಾರೆ, ಅದನ್ನು ಒಬ್ಬರು ಕೂತು ಓದುತ್ತಿದ್ದಾರೆ ಅಂತ ಸಮಾಧಾನವಾಯಿತು. ಲೈಬ್ರರಿ ಅಂದರೆ ಎರಡು ಕಪಾಟು ಮಾತ್ರ. ಈಜುಕೊಳ ಇಲ್ಲ. ಕ್ಲಾಸಿಗೆ 34 ಮಕ್ಕಳು.

ಈಗ 8 ಗಂಟೆಗೆ ಇಬ್ಬರನ್ನೂ ನಡೆಸಿಕೊಂಡು ಹೋಗಿ ಬಿಟ್ಟು, ಅಲ್ಲಿಂದಲೇ ಬಸ್ ಹತ್ತುತ್ತೇನೆ. ಸಂಜೆ 6ಕ್ಕೆ ಮುಂಚೆ ಮನೆ. ನಮ್ಮನೆಯವರು ಮತ್ತೆ ಹಳೆಯ ಹೊತ್ತಿಗೆ ಬಂದಿದ್ದಾರೆ. ಹೋಮ್‌ವರ್ಕ್ ಅವರ ಪಾಲು, ಓದಿಸುವುದು ನನ್ನ ಪಾಲು. ಮಗಳು 9 ಗಂಟೆಗೆ ಮಲಗುತ್ತಾಳೆ. ಬಾಡಿಗೆ ಸಂಬಳದ ಕಾಲು ಭಾಗಕ್ಕಿಂತ ಕಡಿಮೆ. ಉಳಿದದ್ದರಲ್ಲಿ ತಿಂಗಳಿಗೆ ಒಂದಿಷ್ಟು ಪುಸ್ತಕ ಕೊಳ್ಳುತ್ತೇವೆ, ಆ ಎರಡು ಕಪಾಟು ಸಾಲುವುದಿಲ್ಲ ಅಂತ.

ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ, ಅಥವಾ ಒಬ್ಬರು ಮನೆಯಿಂದಲೇ ಕೆಲಸ ಮಾಡುವವರಾದರೆ, ಗೇಟಿನ ತೊಂದರೆ ನಿಮಗೆ ಇರುವುದೇ ಇಲ್ಲ. ಆಗ ಶಾಲೆ ಪಕ್ಕದ ಮನೆಗೇ ಹೋಗಿ ಅಂತ ಹೇಳುತ್ತೇನೆ. ಮಗುವಿಗೆ ವಿಶೇಷ ಟೀಚರ್ ಬೇಕಿದ್ದು, ಅವರು ಆ ಒಂದು ಶಾಲೆಯಲ್ಲಿ ಮಾತ್ರ ಇದ್ದರೂ ಅಷ್ಟೇ. ಮಕ್ಕಳು ಇನ್ನೂ ಚಿಕ್ಕವರಾದರೆ ಆಫೀಸ್ ಪಕ್ಕವೇ ಸಾಕು. ಯಾವುದಾದರೂ ಸರಿ, ಮೊದಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ನಾವು ಅದನ್ನು ಮಾಡಲಿಲ್ಲ.

ಈ ಶಾಲೆ 7ನೇ ಕ್ಲಾಸಿಗೆ ಮುಗಿಯುತ್ತದೆ. ಆಮೇಲೆ ಮಗಳು ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಬೇಕು. ನಮ್ಮ ಸ್ಟಾಪಿನಿಂದ ನೇರ ಬಸ್ ಇರುವ ಎರಡು ಶಾಲೆ ಗುರುತು ಹಾಕಿಕೊಂಡಿದ್ದೇವೆ. ರಜೆಯಲ್ಲಿ ಒಂದು ಸೋಮವಾರ ಬೆಳಗ್ಗೆ ಅವಳನ್ನೇ ಕರೆದುಕೊಂಡು ಆ ಎರಡೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ.