ಮೊದಲ ಸ್ವಂತ ಪ್ಯಾರಾಚೂಟ್: 210 ಚದರಡಿಯೋ, 170 ಚದರಡಿಯೋ?

ಬೇರೆ ಊರಿನಲ್ಲಿ ಸ್ಕೈಡೈವಿಂಗ್ ಕಲಿತು, ಇಪ್ಪತ್ತೈದು ಮೂವತ್ತು ಜಿಗಿತ ಮುಗಿಸಿ ಹುಬ್ಬಳ್ಳಿಗೆ ಮರಳಿದವರನ್ನು ಮೊದಲು ಕಾಡುವುದು ಪ್ಯಾರಾಚೂಟಿನ ಅಳತೆಯ ಪ್ರಶ್ನೆ. ಉತ್ತರವಿರುವುದು ಭಾರದ ಲೆಕ್ಕದಲ್ಲಿ. 70 ಕಿಲೋ ತೂಗುವವರು 11 ಕಿಲೋ ಸಲಕರಣೆ ತೊಟ್ಟರೆ ಒಟ್ಟು 81 ಕಿಲೋ, ಅಂದರೆ ಸುಮಾರು 179 ಪೌಂಡ್. 210ರಲ್ಲಿ ಇದು ಚದರಡಿಗೆ 0.85 ಪೌಂಡ್ ಆದರೆ, 170ರಲ್ಲಿ 1.05 ಪೌಂಡ್. ಹೊಸಬರು 1.0 ದಾಟಬಾರದೆಂಬುದು ತರಬೇತುದಾರರ ವಾಡಿಕೆಯ ಮಾತು.

ಅಂಕಿಯಲ್ಲಿ ಅತ್ಯಲ್ಪವೆನಿಸುವ ಈ ವ್ಯತ್ಯಾಸ ನೆಲದ ಹತ್ತಿರ ದೊಡ್ಡದಾಗುತ್ತದೆ. ಚಿಕ್ಕ ಪ್ಯಾರಾಚೂಟು ವೇಗವಾಗಿ ಸಾಗುತ್ತದೆ, ಬೇಗ ತಿರುಗುತ್ತದೆ, ತಿರುಗುವಾಗ ಹೆಚ್ಚು ಎತ್ತರ ಕಳೆದುಕೊಳ್ಳುತ್ತದೆ. ಎದುರಿಗೆ ಬೇಲಿ ಕಂಡು ಗಾಬರಿಯಿಂದ ನೂರಡಿಯಲ್ಲಿ ಒಂದೇ ಕೈಯ ಟಾಗಲ್ (ಪ್ಯಾರಾಚೂಟನ್ನು ತಿರುಗಿಸುವ ಹಿಡಿಕೆ) ಜಗ್ಗಿದವನಿಗೆ, ಬಟ್ಟೆ ಮತ್ತೆ ನೆಟ್ಟಗಾಗುವಷ್ಟು ಅವಕಾಶ ಉಳಿಯದು. ಸಮುದ್ರಮಟ್ಟದಿಂದ 2,000 ಅಡಿಗೂ ಮೇಲಿರುವ ನಮ್ಮ ಹುಬ್ಬಳ್ಳಿ-ಧಾರವಾಡದಂಥ ಎತ್ತರದಲ್ಲಿ, ಅದರಲ್ಲೂ ಏಪ್ರಿಲ್ ಬಿಸಿಲಿನಲ್ಲಿ, ಗಾಳಿ ತೆಳುವಾಗಿ ಎರಡೂ ಅಳತೆಯ ಪ್ಯಾರಾಚೂಟುಗಳು ಇನ್ನಷ್ಟು ವೇಗವಾಗಿ ಇಳಿಯುತ್ತವೆ.

210ಕ್ಕೂ ಒಂದು ಕೊರತೆಯುಂಟು: ಆಷಾಢದಂಥ ಗಾಳಿಯಲ್ಲಿ ಅದು ಮುಂದೆ ಸಾಗದೆ ಹಿಂದಕ್ಕೇ ಸರಿಯಬಹುದು. ಅಂಥ ದಿನ ಹೊಸಬರು ಮಿರ್ಚಿ ತಿನ್ನುತ್ತ ನೆಲದ ಮೇಲಿರುವುದೇ ಲೇಸಾದ್ದರಿಂದ ನಾನದನ್ನು ಕೊರತೆಯೆಂದು ಎಣಿಸುವುದಿಲ್ಲ. ನನ್ನ ಆಯ್ಕೆ 210.

ಬಳಸಿದ ಸಾಮಾನು ಕೊಳ್ಳುವವರು ಬೆನ್ನಚೀಲವನ್ನೂ ಅಳೆದು ನೋಡಬೇಕು. 170ಕ್ಕೆಂದು ಹೊಲಿದ ಚೀಲದಲ್ಲಿ 210ರ ಬಟ್ಟೆಯನ್ನು ತುರುಕಬಾರದು. ಮೀಸಲು ಪ್ಯಾರಾಚೂಟಿಗೂ ಇದೇ ಭಾರದ ಲೆಕ್ಕ ಅನ್ವಯಿಸುತ್ತದೆ, ಆದರೂ ಕೊಳ್ಳುವವರು ಅದರ ಅಳತೆಯನ್ನು ಕೇಳುವುದೇ ಅಪರೂಪ.