ಕಲಬುರಗಿ ಧೂಳು, ಕಪ್ಪು ಕಾರು: ಯಾವ ವ್ಯಾಕ್ಸ್ ತಾಳಿತು, ಯಾವುದು ತಾಳಲಿಲ್ಲ

ಕಲಬುರಗಿಯಲ್ಲಿ ಕಪ್ಪು ಕಾರಿಗೆ ಹೊಳಪು ತರೋದು ದೊಡ್ಡ ಕೆಲಸವೇ ಅಲ್ಲ. ಐನೂರು ರೂಪಾಯಿ ವ್ಯಾಕ್ಸ್ (ಮೇಣ) ಡಬ್ಬಿಯೂ ಹೊಳಪು ಕೊಡುತ್ತದೆ, ಎರಡು ಸಾವಿರದ ಬಾಟಲಿಯೂ ಕೊಡುತ್ತದೆ. ಮೊದಲ ದಿನ ಎರಡರ ನಡುವಿನ ವ್ಯತ್ಯಾಸವನ್ನು ದುರ್ಬೀನು ಹಾಕಿ ಹುಡುಕಬೇಕು. ಆಮೇಲಿನ ಕಥೆಯೇ ಬೇರೆ. ಧೂಳು ಎಷ್ಟು ಸಲೀಸಾಗಿ ಬಿಟ್ಟು ಹೋಗುತ್ತದೆ, ಬೋರ್ ನೀರಿನ ಬಿಳಿ ಕಲೆ ಎಷ್ಟು ಕೂರುತ್ತದೆ, ಏಪ್ರಿಲ್-ಮೇ ಬಿಸಿಲಿಗೆ ಎಷ್ಟು ದಿನ ತಾಳುತ್ತದೆ, ನಾನು ನೋಡಿದ್ದು ಈ ಮೂರನ್ನೇ. ಹೊಳಪಿಗೆ ಕೊನೆಯ ಮಾರ್ಕು.

ನನ್ನದು ಕಪ್ಪು ಸೆಡಾನ್. ಕೆಲಸಕ್ಕೆ ಸೇಡಂ ರಸ್ತೆ ಹಿಡಿಯಲೇಬೇಕು. ಆ ರಸ್ತೆ ಬಲ್ಲವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ಮಳಖೇಡ, ಸೇಡಂ, ವಾಡಿ ಸುತ್ತ ಸಿಮೆಂಟ್ ಕಾರ್ಖಾನೆಗಳು, ಹಿಂದೆ ಮುಂದೆ ಸಿಮೆಂಟ್ ಲಾರಿಗಳು. ನೆಲದಡಿ ಸುಣ್ಣದ ಕಲ್ಲು. ನಮ್ಮ ಮನೆಮನೆಗೆ ಹಾಸಿರುವ ಶಹಾಬಾದ್ ಕಲ್ಲೂ ಅದೇ ಜಾತಿಯದು. ಹಾಗಾಗಿ ಬೋರ್ ನೀರು ಗಡಸು. ಮೇಲೆ ಕಪ್ಪು ಮಣ್ಣಿನ ಧೂಳು, ತೊಗರಿ ರಾಶಿಯ ಸಮಯದಲ್ಲಿ ಗಂಜ್ ಕಡೆ ಹೋದರೆ ಹೊಟ್ಟಿನ ಧೂಳು. ಬೆಂಗಳೂರಿನವರು ಮಾಡಿದ ಹೋಲಿಕೆ ವಿಡಿಯೋ ನೋಡಿ ಇಲ್ಲಿ ಡಬ್ಬಿ ತರಿಸಿದರೆ ಲೆಕ್ಕ ಕೂಡುವುದಿಲ್ಲ.

ಪರೀಕ್ಷೆ ಮಾಡಿದ್ದು ಬಾನೆಟ್ ಮೇಲೆ. ಮಾಸ್ಕಿಂಗ್ ಟೇಪ್ ಅಂಟಿಸಿ ಮನೆಗಳಾಗಿ ಭಾಗ ಮಾಡಿ, ಒಂದೊಂದಕ್ಕೆ ಒಂದೊಂದು ಹಚ್ಚಿದೆ. ಮೇಲೆ ಬಿಸಿಲು, ಕೆಳಗೆ ಇಂಜಿನ್ ಬಿಸಿ, ಇಡೀ ಗಾಡಿಯಲ್ಲಿ ಹೆಚ್ಚು ಪೆಟ್ಟು ತಿನ್ನುವ ಜಾಗ ಅದು. ಅಲ್ಲಿ ನಿಂತದ್ದು ಬಾಗಿಲ ಮೇಲೆ ನಿಂತೇ ನಿಲ್ಲುತ್ತದೆ.

ಹೋಲಿಕೆಗೆ ಮೊದಲು ಒಂದು ವಿಷಯ. ಅಂಗಡಿಯಲ್ಲಿ ಪಾಲಿಶ್ ಅಂದರೂ ವ್ಯಾಕ್ಸ್ ಅಂದರೂ ಒಂದೇ ಡಬ್ಬಿ ಕೈಗೆ ಕೊಡುತ್ತಾರೆ. ಕೆಲಸ ಮಾತ್ರ ಎರಡೂ ಬೇರೆ. ಪಾಲಿಶ್ ಉಜ್ಜಿ ತೆಗೆಯುತ್ತದೆ, ವ್ಯಾಕ್ಸ್ ಮೇಲೊಂದು ಪದರ ಕೂರಿಸುತ್ತದೆ. ಕಾರಿನ ಕಪ್ಪು ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಬಣ್ಣವಿಲ್ಲದ ಪದರ ಇರುತ್ತದೆ, ದಪ್ಪ ಸುಮಾರು 40-50 ಮೈಕ್ರಾನ್. ಝೆರಾಕ್ಸ್ ಹಾಳೆ ಸುಮಾರು 100 ಮೈಕ್ರಾನ್, ಅದರ ಅರ್ಧದಷ್ಟು. ಪಾಲಿಶ್ ಮಾಡಿದಾಗಲೆಲ್ಲ ಅದರಿಂದ ಒಂದಿಷ್ಟು ಹೋಗುತ್ತದೆ, ಮರಳಿ ಬರುವುದಿಲ್ಲ. ಹಬ್ಬಕ್ಕೊಮ್ಮೆ "ರಬ್ಬಿಂಗ್ ಹೊಡಸ್ರಿ" ಅನ್ನುವವರ ಮಾತು ಕೇಳಬೇಡಿ.

ಕಪ್ಪು ಕಾರಿಗೆ ಈ ಚಿಂತೆ ಯಾಕೆ ಜಾಸ್ತಿ? ಗೀರು ಬೆಳ್ಳಿ ಬಣ್ಣದ ಕಾರಿನ ಮೇಲೂ ಅಷ್ಟೇ ಬೀಳುತ್ತದೆ. ಆದರೆ ಗೀರಿನ ಅಂಚು ಬೆಳಕನ್ನು ಬೆಳ್ಳಗೆ ಎರಚುತ್ತದೆ, ಹಿಂದೆ ಕಪ್ಪು ಇದ್ದಾಗ ಅದು ಎದ್ದು ಕಾಣುತ್ತದೆ. ರಾತ್ರಿ ಪೆಟ್ರೋಲ್ ಬಂಕಿನ ಲೈಟ್ ಕೆಳಗೆ ನಿಲ್ಲಿಸಿ ನೋಡಿ, ಲೈಟಿನ ಸುತ್ತ ಜೇಡರ ಬಲೆ ಕಟ್ಟಿದಂತೆ ವೃತ್ತ ವೃತ್ತವಾಗಿ ಗೀರು ಕಾಣುತ್ತದೆ. ನಿಜದಲ್ಲಿ ಅವು ಎಲ್ಲಾ ದಿಕ್ಕಿಗೂ ಇರುವ ಗೀರುಗಳು. ಬೆಳಕಿಗೆ ಅಡ್ಡ ಬಿದ್ದವು ಮಾತ್ರ ಹೊಳೆಯುವುದರಿಂದ ವೃತ್ತದಂತೆ ಕಾಣುತ್ತವೆ. ನಾನು ಗಾಡಿ ತೊಳೆಸುವ ಕಡೆಯ ಹುಡುಗ ಹೇಳುವುದು ಖರೆ: "ಅಣ್ಣಾ, ಕರಿ ಗಾಡಿ ಒಂದು ತೊಳಿಯೋದು, ಬಿಳಿ ಗಾಡಿ ಎರಡು ತೊಳದಂಗ ನೋಡ್ರಿ."

ಈಗ ಒಂದೊಂದಾಗಿ ನೋಡೋಣ. ಕಂಪನಿಗಿಂತ ಜಾತಿ ನೋಡಿ, ಒಂದೇ ಜಾತಿಯ ಡಬ್ಬಿಗಳು ಹೆಚ್ಚು ಕಡಿಮೆ ಒಂದೇ ಥರ ನಡೆದುಕೊಳ್ಳುತ್ತವೆ.

ಮೊದಲನೆಯದು ಕಪ್ಪು ಬಣ್ಣ ಬೆರೆಸಿದ ಪಾಲಿಶ್, ಕಪ್ಪು ಕಾರಿಗೆಂದೇ ಮಾರುವುದು. ಹಚ್ಚಿ ಒರೆಸಿದ ಕೂಡಲೇ ಗೀರು ಮಾಯ, ನೋಡಿದವರು ಹೊಸ ಗಾಡಿಯಾ ಅಂತ ಕೇಳುತ್ತಾರೆ. ಬಟ್ಟೆ ಕಪ್ಪಾಗುವುದನ್ನು ಕಂಡು ಹೆದರಬೇಡಿ. ಕ್ಲಿಯರ್ ಕೋಟ್ ಇರುವ ಗಾಡಿಯಲ್ಲಿ ಅದು ನಿಮ್ಮ ಕಾರಿನ ಬಣ್ಣ ಅಲ್ಲ, ಪಾಲಿಶಿನದೇ. ಆದರೆ ಇದು ಗೀರು ತೆಗೆಯುವುದಕ್ಕಿಂತ ತುಂಬುವುದೇ ಹೆಚ್ಚು. ಶಾಂಪೂ ಹಾಕಿ ಕೆಲವು ಸಲ ತೊಳೆದರೆ ತುಂಬಿದ್ದು ಕರಗಿ ಗೀರು ಹಾಗೇ ಮೇಲೆ ಬರುತ್ತದೆ. ಮದುವೆ ಮೆರವಣಿಗೆಗೆ, ಗಾಡಿ ಮಾರುವ ಮುಂಚೆ ಫೋಟೋ ತೆಗೆಯಲು ಒಳ್ಳೆಯದು. ದಿನದ ಬಳಕೆಗೆ ನನ್ನ ಓಟು ಇಲ್ಲ.

ಎರಡನೆಯದು ಕ್ಲೀನರ್ ವ್ಯಾಕ್ಸ್, ಉಜ್ಜುವುದೂ ಮೇಣವೂ ಒಂದೇ ಬಾಟಲಿಯಲ್ಲಿ. ಸ್ವಲ್ಪ ಹಳೆಯದಾಗಿ ಮಂಕಾದ ಗಾಡಿಗೆ ಇದು ನಿಜಕ್ಕೂ ಕೆಲಸ ಮಾಡುತ್ತದೆ, ವರ್ಷಕ್ಕೊಮ್ಮೆ ಸಾಕು. ಕಷ್ಟ ಒಂದೇ, ಒಣಗಿದ ಮೇಲೆ ಉಳಿಯುವ ಬಿಳಿ ಪುಡಿ. ಲೋಗೋ ಅಕ್ಷರಗಳ ಸಂದಿಯಲ್ಲಿ, ಗಾಜಿನ ರಬ್ಬರ್ ಬೀಡಿಂಗ್ ಅಂಚಿನಲ್ಲಿ, ಬಾನೆಟ್ ಮತ್ತು ಫೆಂಡರ್ ನಡುವಿನ ಗೆರೆಯಲ್ಲಿ ಅದು ಕೂತುಬಿಡುತ್ತದೆ. ಬಿಳಿ ಕಾರಿನಲ್ಲಿ ಯಾರಿಗೂ ಗೊತ್ತಾಗದ್ದು ಕಪ್ಪು ಕಾರಿನಲ್ಲಿ ಸುಣ್ಣ ಬಳಿದಂತೆ ಕಾಣುತ್ತದೆ. ಹಳೆಯ ಮೆದು ಹಲ್ಲುಜ್ಜುವ ಬ್ರಶ್ ಒದ್ದೆ ಮಾಡಿ ತಿಕ್ಕಿದರೆ ಬರುತ್ತದೆ, ಆದರೆ ಅದೇ ಅರ್ಧ ಗಂಟೆ ಕೆಲಸ.

ಮೂರನೆಯದು ಎಲ್ಲರ ಪ್ರೀತಿಯ ಕಾರ್ನೌಬಾ ಪೇಸ್ಟ್, ಡಬ್ಬಿ ಮೇಣ. ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ ಇದು. ಅಂದ ಅಂದರೆ ಇದರದ್ದೇ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಕಪ್ಪು ಬಣ್ಣಕ್ಕೆ ಬರುವ ಆಳ ಬೇರೆ ಯಾವುದೂ ಕೊಡಲಿಲ್ಲ, ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ನಮ್ಮ ಬೇಸಿಗೆ ಇದಕ್ಕೆ ಆಗಿಬರುವುದಿಲ್ಲ. ಶುದ್ಧ ಕಾರ್ನೌಬಾ ಕರಗುವುದು 82ರಿಂದ 86 ಡಿಗ್ರಿಯಲ್ಲಿ. ಹೊರಗೆ 42-43 ಡಿಗ್ರಿ ಇದ್ದಾಗ ಕಪ್ಪು ಬಾನೆಟ್ 70 ದಾಟುವುದು ಹೊಸದೇನಲ್ಲ. ಡಬ್ಬಿಯಲ್ಲಿ ಶುದ್ಧ ಕಾರ್ನೌಬಾ ಒಂದೇ ಇರುವುದಿಲ್ಲ, ಹಚ್ಚಲು ಬರಲೆಂದು ಎಣ್ಣೆ, ಬೇರೆ ಮೆದು ಮೇಣ ಸೇರಿಸಿರುತ್ತಾರೆ, ಹಾಗಾಗಿ ಅದಕ್ಕೂ ಮುಂಚೆಯೇ ಮೆತ್ತಗಾಗುತ್ತದೆ. ಮಧ್ಯಾಹ್ನ ನಿಲ್ಲಿಸಿದ ಗಾಡಿ ನೆರಳಿಗೆ ತಂದು ಬೆರಳ ತುದಿಯಿಂದ ಮೆಲ್ಲಗೆ ಎಳೆದರೆ ಜಿಡ್ಡಿನ ಗೆರೆ ಮೂಡುತ್ತಿತ್ತು. ಆ ಜಿಡ್ಡಿಗೆ ಧೂಳು ಕೂತರೆ ಊದಿದರೂ ಏಳುವುದಿಲ್ಲ. ಬಾನೆಟ್ ಮೇಲಿನ ಪಕ್ಕದ ಮನೆಗಿಂತ ಪೇಸ್ಟ್ ಹಚ್ಚಿದ ಮನೆ ಯಾವಾಗಲೂ ಒಂದು ಪಟ್ಟು ಮಬ್ಬು. ಯುಗಾದಿಗೆ ಹಚ್ಚಿದ್ದು ಬಸವ ಜಯಂತಿ ಹೊತ್ತಿಗೆ ಹೆಸರಿಲ್ಲದಂತೆ ಹೋಗಿತ್ತು. ದೀಪಾವಳಿಯಿಂದ ಸಂಕ್ರಾಂತಿ ತನಕದ ಚಳಿಯಲ್ಲಿ ಮಾತ್ರ ಚೆನ್ನಾಗಿ ನಿಂತಿತು.

ನಾಲ್ಕನೆಯದು ಕಾರ್ನೌಬಾಕ್ಕೆ ಸಿಂಥೆಟಿಕ್ ಪಾಲಿಮರ್ ಬೆರೆಸಿದ ಲಿಕ್ವಿಡ್ ವ್ಯಾಕ್ಸ್. ನಾನು ಬಳಸಿದ್ದು ಕಾಲಿನೈಟ್ 845, ಅಮೆರಿಕದ್ದು, ಆನ್‌ಲೈನ್‌ನಲ್ಲಿ ಸಿಗುತ್ತದೆ. ಚಳಿ ದೇಶದವರು ಇದು ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಬಿಸಿ ನೀರಲ್ಲಿ ಇಡಬೇಕು ಅಂತ ಬರೆಯುತ್ತಾರೆ. ನಮ್ಮಲ್ಲಿ ಆ ಚಿಂತೆಯೇ ಇಲ್ಲ, ಮಜ್ಜಿಗೆಗಿಂತ ತೆಳ್ಳಗೆ ಹರಿಯುತ್ತದೆ. ತೆಳ್ಳಗೆ ಹಚ್ಚಬೇಕು, ಇಡೀ ಬಾನೆಟ್‌ಗೆ ನಾಲ್ಕೈದು ಹನಿ ಸಾಕು. ದಪ್ಪ ಹಚ್ಚಿದರೆ ಒರೆಸುವಾಗ ತೋಳು ಬಿದ್ದು ಹೋಗುತ್ತದೆ. ಹೊಳಪು ಪೇಸ್ಟಿಗಿಂತ ಒಂದು ಕೈ ಕಡಿಮೆ ಅನ್ನಬಹುದು. ತಾಳಿಕೆಯಲ್ಲಿ ಇದಕ್ಕೆ ಸಾಟಿ ಇಲ್ಲ: ಬಸವ ಜಯಂತಿಗೆ ಹಚ್ಚಿದ್ದು ಬೇಸಿಗೆ ಕಳೆದು, ಮಿರಗದ ಮಳೆ ಕಳೆದು, ನಾಗರ ಪಂಚಮಿಗೂ ನೀರನ್ನು ಹನಿಯಾಗಿಯೇ ನಿಲ್ಲಿಸುತ್ತಿತ್ತು.

ಐದನೆಯದು ಸಿರಾಮಿಕ್ ಸ್ಪ್ರೇ, ಸಿಲಿಕಾ ಇರುವ ಸ್ಪ್ರೇ ಬಾಟಲಿ. ತೊಳೆದ ಗಾಡಿ, ನೆರಳು, ಎರಡು ಮೈಕ್ರೋಫೈಬರ್ ಬಟ್ಟೆ, ಇಷ್ಟಿದ್ದರೆ ಟೀ ಆರುವುದರೊಳಗೆ ಇಡೀ ಗಾಡಿ ಮುಗಿಯುತ್ತದೆ. ಪ್ಯಾನಲ್ ಮೇಲೆ ನೇರ ಹೊಡೆಯಬೇಡಿ, ಬಟ್ಟೆಗೆ ಹೊಡೆದುಕೊಂಡು ಒರೆಸಿ. ಬಿಸಿ ಪ್ಯಾನಲ್ ಮೇಲೆ ಅದು ಕೂಡಲೇ ಒಣಗಿ ಮೋಡದಂಥ ಪಟ್ಟೆ ಬಿಡುತ್ತದೆ, ಕಪ್ಪಿನ ಮೇಲೆ ಅದು ಕಣ್ಣಿಗೆ ರಾಚುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಆರರೊಳಗೆ ಮುಗಿಸಿ. ಧೂಳಿನ ವಿಷಯದಲ್ಲಿ ಐದರಲ್ಲಿ ಇದಕ್ಕೇ ಮೊದಲ ಸ್ಥಾನ. ಮೈ ನುಣುಪಾಗಿ, ಜಿಡ್ಡಿಲ್ಲದೆ ಇರುವುದರಿಂದ ನೀರು ಹೊಡೆದಾಗಲೇ ಮುಕ್ಕಾಲು ಧೂಳು ಇಳಿದು ಹೋಗುತ್ತದೆ. ಮುಟ್ಟಿ ಉಜ್ಜುವುದು ಕಡಿಮೆಯಾದಷ್ಟೂ ಹೊಸ ಗೀರು ಕಡಿಮೆ, ಕಪ್ಪು ಕಾರಿಗೆ ಬೇಕಾದ್ದು ಇದೇ ಅಲ್ವಾ? ಕಾಲಿನೈಟ್‌ನಷ್ಟು ದಿನ ಬರಲಿಲ್ಲ, ಆದರೆ ಮತ್ತೆ ಹಚ್ಚುವುದು ಇಷ್ಟು ಸಲೀಸಾಗಿರುವಾಗ ಅದು ಲೆಕ್ಕಕ್ಕಿಲ್ಲ.

ಇಲ್ಲಿ ನೀರಿನ ಬಗ್ಗೆ ನಿಂತು ಹೇಳಲೇಬೇಕು. ವ್ಯಾಕ್ಸ್ ಜಾಹೀರಾತು ಎಲ್ಲದರಲ್ಲೂ ಮುತ್ತಿನಂಥ ನೀರ ಹನಿ ತೋರಿಸುತ್ತಾರೆ. ಗಡಸು ನೀರಿನ ಊರಲ್ಲಿ ಆ ಮುತ್ತೇ ಶತ್ರು. ಹನಿ ಉಬ್ಬಿ ನಿಂತು, ಅಲ್ಲೇ ಒಣಗಿ, ಒಳಗಿನ ಸುಣ್ಣವನ್ನು ಉಂಗುರದಂತೆ ಬಿಟ್ಟು ಹೋಗುತ್ತದೆ. ಏನೂ ಹಚ್ಚದ ಮನೆಯಲ್ಲಿ ಕಲೆ ಹರಡಿ ಮಸುಕಾಗಿತ್ತು, ವ್ಯಾಕ್ಸ್ ಹಚ್ಚಿದ ಮನೆಗಳಲ್ಲಿ ಚುಕ್ಕಿ ಚುಕ್ಕಿಯಾಗಿ ಎದ್ದು ಕಾಣುತ್ತಿತ್ತು. ಹಚ್ಚಿದ ಕಡೆ ಅವು ಸುಲಭವಾಗಿ ಬಿಡುತ್ತವೆ ಅನ್ನುವುದು ನಿಜ. ಆದರೆ ತೊಳೆದ ಗಾಡಿಯನ್ನು ಬಿಸಿಲಿಗೆ ಒಣಗಲು ಬಿಟ್ಟರೆ ಯಾವ ಕಂಪನಿಯ ಡಬ್ಬಿಯೂ ಕಾಪಾಡುವುದಿಲ್ಲ. ಕೊನೆಯ ಎರಡು ಬಕೆಟ್ ಮೆದು ನೀರು ಸಿಕ್ಕರೆ ಅರ್ಧ ಸಮಸ್ಯೆ ಮುಗಿಯಿತು. ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರಲ್ಲಿ ಸುಣ್ಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮಳೆಗೆ ಮುಂಚಿನ ಸೆಕೆಯಲ್ಲಿ ರಾತ್ರಿ ಬಕೆಟ್ ಇಟ್ಟರೆ ಬೆಳಗ್ಗೆ ಒಳ್ಳೆಯ ನೀರು ಸಿಗುತ್ತದೆ. ಮಳೆಗಾಲದಲ್ಲಿ ಮಾಳಿಗೆ ನೀರು ಸೋಸಿ ಹಿಡಿದಿಟ್ಟರೂ ಆಯಿತು. ಕೂಲರ್ ತೊಟ್ಟಿಯ ನೀರು ಮಾತ್ರ ಬೇಡ, ಆವಿಯಾಗಿ ಆವಿಯಾಗಿ ಅದರಲ್ಲಿ ಸುಣ್ಣ ಇನ್ನೂ ಗಟ್ಟಿಯಾಗಿರುತ್ತದೆ. ಕೂತ ಕಲೆಗೆ ಬಿಳಿ ವಿನೆಗರ್, ಅಷ್ಟೇ ನೀರು ಬೆರೆಸಿ, ನೆರಳಲ್ಲಿ ಒದ್ದೆ ಬಟ್ಟೆಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದು ಚೆನ್ನಾಗಿ ತೊಳೆಯಿರಿ. ಹುಳಿಗೆ ಸುಣ್ಣ ಕರಗುತ್ತದೆ. ಜೊತೆಗೆ ವ್ಯಾಕ್ಸ್‌ಗೂ ಪೆಟ್ಟು ಬೀಳುವುದರಿಂದ ಆ ಜಾಗಕ್ಕೆ ಮತ್ತೊಂದು ಕೈ ಹಚ್ಚಿಬಿಡಿ.

ಸರ್ವಿಸ್ ಕೊಟ್ಟಾಗ "ಟೆಫ್ಲಾನ್ ಹಾಕಸ್ರಿ ಸರ್" ಅಂತ ಎಲ್ಲಾ ಕಡೆ ಕೇಳುತ್ತಾರೆ. ಟೆಫ್ಲಾನ್ ಕರಗುವುದೇ 327 ಡಿಗ್ರಿಯಲ್ಲಿ. ನಾನ್‌ಸ್ಟಿಕ್ ತವಾದ ಮೇಲೆ ಅದನ್ನು ಕೂರಿಸಲು ಅದಕ್ಕಿಂತ ಜಾಸ್ತಿ ಬಿಸಿ ಬೇಕು, ಕಾರಿನ ಬಣ್ಣಕ್ಕೆ ಆ ಬಿಸಿ ಕೊಡಲು ಬರುವುದಿಲ್ಲ. ಒಮ್ಮೆ ಮಾಡಿಸಿ ನೋಡಿದೆ. ಕ್ಲೀನರ್ ವ್ಯಾಕ್ಸ್ ಹಚ್ಚಿದ ಭಾಗಕ್ಕೂ ಇದಕ್ಕೂ ನನಗೆ ಫರಕು ಕಾಣಲಿಲ್ಲ, ಬಿಲ್ಲಿನಲ್ಲಿ ಮಾತ್ರ ಬಹಳ ಫರಕು.

ಪೂರ್ತಿ ಸಿರಾಮಿಕ್ ಕೋಟಿಂಗ್ ನನ್ನ ಗಾಡಿಗೆ ಮಾಡಿಸಿಲ್ಲ. ಹುಮನಾಬಾದಿನಲ್ಲಿರುವ ಸೋದರಮಾವನ ಮಗನ ಕಪ್ಪು ಗಾಡಿಗೆ ಆಗಿದೆ, ಹಾಗಾಗಿ ಪಕ್ಕಪಕ್ಕ ನಿಲ್ಲಿಸಿ ನೋಡಿದ್ದೇನೆ. ತೊಳೆಯಲು ಬಹಳ ಸಲೀಸು, ಹಕ್ಕಿ ಹಿಕ್ಕೆ ಬೇಗ ಬಿಡುತ್ತದೆ. ಆದರೆ 9ಎಚ್ ಗಟ್ಟಿ ಅಂತ ಹೇಳುವುದು ಪೆನ್ಸಿಲ್ ಅಳತೆಯಲ್ಲಿ, ಕಲ್ಲಿನ ಅಳತೆಯಲ್ಲಿ ಅಲ್ಲ. ಮರಳು ಧೂಳಿನ ಮೇಲೆ ಒಣ ಬಟ್ಟೆ ಎಳೆದರೆ ಅದರ ಮೇಲೂ ಗೀರು ಬೀಳುತ್ತದೆ, ಅವನ ಗಾಡಿಯ ಡಿಕ್ಕಿ ಮೇಲೆ ಬಿದ್ದಿದೆ. ಬೋರ್ ನೀರಿನ ಕಲೆಯೂ ಕೂತಿದೆ. ಇಪ್ಪತ್ತು ಸಾವಿರ ದಾಟುವ ಖರ್ಚಿಗೆ ಇದು ಬೇಕಾ ಅಂದರೆ, ನೆರಳಲ್ಲಿ ನಿಲ್ಲಿಸಲು ಜಾಗ ಇರುವವರಿಗೆ ಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ.

ಈಗ ನನ್ನ ಗಾಡಿಯ ಬಾನೆಟ್, ರೂಫ್, ಡಿಕ್ಕಿ ಮೇಲೆ ಕಾಲಿನೈಟ್, ಅದರ ಮೇಲೆ ತೊಳೆದಾಗೆಲ್ಲ ಒಂದು ತೆಳ್ಳನೆ ಕೈ ಸಿರಾಮಿಕ್ ಸ್ಪ್ರೇ. ಬಾಗಿಲುಗಳಿಗೆ ಸ್ಪ್ರೇ ಒಂದೇ ಸಾಕು, ಅಲ್ಲಿ ಬಿಸಿಲು ಅಷ್ಟು ನೇರ ಬೀಳುವುದಿಲ್ಲ. ಡಬ್ಬಿ ಮೇಣ ಚಳಿಗಾಲಕ್ಕೆ ಅಂತ ಎತ್ತಿಟ್ಟಿದ್ದೇನೆ. ಸಿಮೆಂಟ್ ಧೂಳು ಬಿದ್ದ ಗಾಡಿಯನ್ನು ರಾತ್ರಿ ಇಬ್ಬನಿಗೆ ಬಿಡುವುದಿಲ್ಲ, ಒದ್ದೆಯಾಗಿ ಒಣಗಿದ ಸಿಮೆಂಟ್ ಅಂಟಿಕೊಂಡರೆ ಬಿಡಿಸುವುದು ಬಹಳ ಕಷ್ಟ. ಅವತ್ತೇ ಪೈಪಿನಲ್ಲಿ ನೀರು ಬಿಟ್ಟು ಇಳಿಸುತ್ತೇನೆ, ಕೈ ಮುಟ್ಟುವುದಿಲ್ಲ. ಆಯುಧ ಪೂಜೆಯ ವಿಭೂತಿ, ಕುಂಕುಮವನ್ನೂ ಹಾಗೇ, ಮೊದಲು ನೀರು, ಆಮೇಲೆ ಬಟ್ಟೆ. ಕೋಳಿ ಪುಕ್ಕದ ಕುಂಚ, ಹಳೆ ಬನಿಯನ್ನು, ಡ್ಯಾಶ್‌ಬೋರ್ಡ್ ಒರೆಸುವ ಹಳದಿ ಬಟ್ಟೆ, ಇವು ಯಾವುದೂ ಬಾನೆಟ್ ಹತ್ತಿರ ಸುಳಿಯಬಾರದು.

ಬಂಪರ್ ಕೆಳಗಿನ ಬಣ್ಣ ಬಳಿಯದ ಕಪ್ಪು ಪ್ಲಾಸ್ಟಿಕ್‌ಗೆ ಮೇಣ ಹಚ್ಚಬೇಡಿ, ಒಣಗಿ ಬೆಳ್ಳಗೆ ಕೂರುತ್ತದೆ. ಹಚ್ಚುವ ಮುಂಚೆ ಆ ಅಂಚಿಗೆ ಟೇಪ್ ಹಾಕಿಬಿಡಿ. ಆ ಪ್ಲಾಸ್ಟಿಕ್‌ಗೆ ಬೇರೆ ಟ್ರಿಮ್ ಡ್ರೆಸಿಂಗ್ ಸಿಗುತ್ತದೆ, ಅದರಲ್ಲೂ ಜಿಡ್ಡಿಲ್ಲದ್ದನ್ನೇ ಕೇಳಿ ತಗೊಳ್ಳಿ.