ಕೆಲಸ ಸಿಕ್ಕ ಮೇಲೂ ಕೈಬಿಡದ ಸಂಸ್ಥೆ: ಕೆಲವು ವರ್ಷಗಳ ಬಳಕೆಯ ನಂತರ ನನ್ನ ವಿಮರ್ಶೆ

ಉದ್ಯೋಗ ಹುಡುಕಿಕೊಡುವ ಸೇವಾಸಂಸ್ಥೆಗಳ ಬಗ್ಗೆ ನಾನು ಓದಿದ ಹೆಚ್ಚಿನ ವಿಮರ್ಶೆಗಳು ಆಫರ್ ಲೆಟರ್ ಕೈಗೆ ಬಂದ ವಾರದಲ್ಲೇ ಬರೆದಂಥವು. ಆ ಖುಷಿ ನನಗೆ ಅರ್ಥವಾಗುತ್ತದೆ. ಆದರೆ ಇಂಥ ಸಂಸ್ಥೆಯ ಯೋಗ್ಯತೆ ತಿಳಿಯುವುದು ಕೆಲಸಕ್ಕೆ ಸೇರಿ ಕೆಲವು ತಿಂಗಳಾದ ಮೇಲೆ. ಅದಕ್ಕೇ ನಾನು ಕೆಲವು ವರ್ಷ ತಡೆದು ಬರೆಯುತ್ತಿದ್ದೇನೆ.

ಮಾನಸಿಕ ಕಾಯಿಲೆಯ ಚಿಕಿತ್ಸೆಯಲ್ಲಿದ್ದುದರಿಂದ ನಾನು ವರ್ಷಗಟ್ಟಲೆ ಕೆಲಸದಿಂದ ದೂರವಿದ್ದೆ. ಸಂದರ್ಶನಕ್ಕೆ ಹೋದಲ್ಲೆಲ್ಲ ಬಯೋಡೇಟಾದ ಆ ಖಾಲಿ ವರ್ಷಗಳ ಮೇಲೇ ಕಣ್ಣು. ಏನು ಹೇಳಿದರೂ ಆಮೇಲೆ ಫೋನ್ ಬರುತ್ತಿರಲಿಲ್ಲ. ಈ ಸೇವಾಸಂಸ್ಥೆಗೆ ಬರುವ ಮುಂಚೆ ಇನ್ನೊಂದು ಕಡೆ ವಿಚಾರಿಸಿದ್ದೆ. ‘ಮೊದಲು ಪೂರ್ತಿ ಹುಷಾರಾಗಿ, ಆಮೇಲೆ ತರಬೇತಿ, ಕೆಲಸದ ಮಾತು ಅದಾದ ಮೇಲೆ’ ಅಂದಿದ್ದರು. ಇಲ್ಲಿ ಮೊದಲ ಭೇಟಿಯಲ್ಲೇ ಸಲಹೆಗಾರರು, ‘ನಿಮಗೆ ಯಾವ ಥರದ ಕೆಲಸ ಇಷ್ಟ, ದಿನದ ಯಾವ ಹೊತ್ತಿನಲ್ಲಿ ನಿಮಗೆ ಚೈತನ್ಯ ಜಾಸ್ತಿ?’ ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

ಅವರು ಅನುಸರಿಸುವ ಪದ್ಧತಿಗೆ ಐಪಿಎಸ್ ಅನ್ನುತ್ತಾರೆ, ಅಂದರೆ ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್: ಮಾನಸಿಕ ಕಾಯಿಲೆ ಇರುವವರಿಗೆ ಅವರವರಿಗೆ ತಕ್ಕ ಕೆಲಸ ಹುಡುಕಿಕೊಟ್ಟು ಜೊತೆಗಿದ್ದು ನೆರವಾಗುವುದು. 1990ರ ದಶಕದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಇದನ್ನು ರೂಪಿಸಿದರು. ಕೆಲಸ ಮಾಡಬೇಕೆಂಬ ಮನಸ್ಸಿದ್ದರೆ ಸಾಕು, ಯಾರನ್ನೂ ‘ಇನ್ನೂ ತಯಾರಾಗಿಲ್ಲ’ ಎಂದು ವಾಪಸ್ ಕಳಿಸುವ ಹಾಗಿಲ್ಲ. ಹುಡುಕಾಟ ಬೇಗ ಶುರುವಾಗಬೇಕು, ಕೆಲಸ ಸಿಕ್ಕ ಮೇಲೂ ನೆರವು ಮುಂದುವರಿಯಬೇಕು. ಯುರೋಪಿನ ಆರು ಕೇಂದ್ರಗಳಲ್ಲಿ 312 ಜನರ ಮೇಲೆ ಇದನ್ನು ಪರೀಕ್ಷಿಸಿದ ಅಧ್ಯಯನ 2007ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಈ ಪದ್ಧತಿಯಲ್ಲಿ ನೆರವು ಪಡೆದವರಲ್ಲಿ ಶೇ 55 ಮಂದಿಗೆ ಕೆಲಸ ಸಿಕ್ಕಿತ್ತು, ‘ಮೊದಲು ತರಬೇತಿ’ ಎನ್ನುವ ಹಳೆಯ ಪದ್ಧತಿಯಲ್ಲಿ ಶೇ 28. ದೊಡ್ಡ ಅಂತರವೇ. ಆದರೆ ಅಲ್ಲಿ ಎಣಿಸಿದ್ದು ಕನಿಷ್ಠ ಒಂದು ದಿನವಾದರೂ ದುಡಿದವರನ್ನು. ಎರಡನೇ ದಿನದಿಂದ ಏನಾಗುತ್ತದೆ ಎನ್ನುವುದೇ ನನ್ನಂಥವರ ನಿಜವಾದ ಚಿಂತೆ.

ಈ ಸಂಸ್ಥೆಯಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಒಂದು ಹಾಳೆ. ನಡುವೆ ಗೆರೆ ಎಳೆದು ಎರಡು ಭಾಗ ಮಾಡಿರುತ್ತಾರೆ. ಒಂದು ಕಡೆ ಮಾಲೀಕರಿಗೆ ಹೇಳಬಹುದಾದದ್ದು, ಇನ್ನೊಂದು ಕಡೆ ಹೇಳಬಾರದ್ದು. ತುಂಬುವವರು ನಾವೇ. ಕಾಯಿಲೆಯ ಹೆಸರು ಹೇಳುವುದು ಬೇಡ ಎಂದು ಬರೆದೆ, ಮಾತ್ರೆಯಿಂದ ಬೆಳಗಿನ ಹೊತ್ತು ಮಂಪರು ಇರುತ್ತದೆ ಎಂಬುದನ್ನು ಹೇಳಬಹುದು ಎಂದು ಬರೆದೆ. ಸಹಿ ಹಾಕಿದ ಮೇಲೆ ಸಲಹೆಗಾರರು ಆ ಗೆರೆ ದಾಟಲಿಲ್ಲ. ಇವತ್ತಿಗೂ ನನ್ನ ಸಹೋದ್ಯೋಗಿಗಳಿಗೆ ಗೊತ್ತಿರುವುದು ನಾನಾಗಿ ಹೇಳಿದಷ್ಟೇ. ಖಾಲಿ ವರ್ಷಗಳ ಪ್ರಶ್ನೆಗೂ ಅದೇ ಹಾಳೆಯಿಂದ ಉತ್ತರ ಹುಟ್ಟಿತು: ‘ಆರೋಗ್ಯದ ಕಾರಣಕ್ಕೆ ಬಿಡುವು ತೆಗೆದುಕೊಂಡಿದ್ದೆ, ಈಗ ಕೆಲಸಕ್ಕೆ ಸಿದ್ಧ.’ ಇಷ್ಟೇ. ತಡವರಿಸದೆ ಬಾಯಿಗೆ ಬರುವವರೆಗೆ ಅದನ್ನು ಅಣಕು ಸಂದರ್ಶನದಲ್ಲಿ ಮತ್ತೆ ಮತ್ತೆ ಹೇಳಿಸಿದರು.

ಕೆಲಸ ಸಿಕ್ಕಿತು. ಆದರೆ ಸೇರಿದ ಮೊದಲ ತಿಂಗಳೇ ಅಲ್ಲಿ ನನ್ನ ಪಾಳಿಯನ್ನು ಬೆಳಗಿನ ಜಾವಕ್ಕೆ ಬದಲಿಸಿದರು. ಬೇರೆ ಸಂಸ್ಥೆಯಾಗಿದ್ದರೆ ಅಷ್ಟರಲ್ಲಿ ನನ್ನ ಫೈಲು ಮುಚ್ಚಿರುತ್ತಿತ್ತು, ನಾನು ರಾಜೀನಾಮೆ ಬರೆಯುತ್ತಿದ್ದೆ. ಇಲ್ಲಿ ಸಲಹೆಗಾರರೇ ನನ್ನ ಒಪ್ಪಿಗೆ ಪಡೆದು ಸೂಪರ್‌ವೈಸರ್ ಜೊತೆ ಕೂತು ಮಾತಾಡಿದರು. ದಯೆ ತೋರಿಸಿ ಎಂದು ಬೇಡಲಿಲ್ಲ. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆ ದೀರ್ಘಕಾಲದ ಮಾನಸಿಕ ತೊಂದರೆಗಳನ್ನೂ ಒಳಗೊಳ್ಳುತ್ತದೆ, ಅದರ 27ನೇ ವಿಧಿ ಕೆಲಸದ ಸ್ಥಳದಲ್ಲಿ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕು ಎನ್ನುತ್ತದೆ ಎಂದು ವಿವರಿಸಿ, ಹೊಸ ಪಾಳಿಯ ವೇಳಾಪಟ್ಟಿಯನ್ನು ತಾವೇ ಬರೆದು ಮುಂದಿಟ್ಟರು. ಪಾಳಿ ಮಧ್ಯಾಹ್ನಕ್ಕೆ ಬಂತು. ನಾನು ಇನ್ನೂ ಅಲ್ಲೇ ಇದ್ದೇನೆ ಅಂದರೆ ಆ ಮಾತುಕತೆಯೇ ಕಾರಣ.

ಶುಲ್ಕದ ಬಗ್ಗೆ ತುಂಬಾ ಜನ ಕೇಳುತ್ತಾರೆ. ನನ್ನಿಂದ ಏನೂ ತೆಗೆದುಕೊಂಡಿಲ್ಲ. ಕೆಲಸ ಹುಡುಕುವವರಿಂದ ಶುಲ್ಕ ವಸೂಲಿ ಮಾಡಬಾರದು ಎಂಬುದು ಖಾಸಗಿ ಉದ್ಯೋಗ ಏಜೆನ್ಸಿಗಳಿಗೂ ಅನ್ವಯಿಸುವ ತತ್ವ, ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆಯಲ್ಲಿ ಅದು ಇದೆ. ಸೇವಾಸಂಸ್ಥೆ ಎಂದು ಹೇಳಿಕೊಂಡು ‘ನೋಂದಣಿಗೆ ಸ್ವಲ್ಪ ಕಟ್ಟಿ’ ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಕೊರತೆಗಳನ್ನೂ ಹೇಳಲೇಬೇಕು. ಸಲಹೆಗಾರರು ಪದೇ ಪದೇ ಬದಲಾಗುತ್ತಾರೆ. ಹೊಸಬರು ಬಂದಾಗಲೆಲ್ಲ ಕಾಯಿಲೆಯ ಕಥೆಯನ್ನು ಮೊದಲಿಂದ ಹೇಳಬೇಕು. ಕೇಳುವವರಿಗೆ ಅದು ಅರ್ಧ ಗಂಟೆಯ ಮಾತು, ಹೇಳುವವರಿಗೆ ಅವತ್ತಿನ ಇಡೀ ದಿನ ಹೋದಂತೆ. ನಮ್ಮ ಒಪ್ಪಿಗೆ ಇದ್ದರೆ ಹಿಂದಿನವರೇ ಒಂದು ಪುಟದ ಟಿಪ್ಪಣಿ ಬರೆದು ದಾಟಿಸಬಹುದು. ಇದನ್ನು ಲಿಖಿತವಾಗಿ ಕೊಟ್ಟಿದ್ದೇನೆ, ಇನ್ನೂ ಜಾರಿಗೆ ಬಂದಿಲ್ಲ.

ಅವರ ಸಂಪರ್ಕದಲ್ಲಿರುವ ಕೆಲಸಗಳಲ್ಲಿ ಪ್ಯಾಕಿಂಗ್, ಸ್ವಚ್ಛತೆ, ಡೇಟಾ ಎಂಟ್ರಿಯೇ ಹೆಚ್ಚು. ಪದವಿ ಓದಿದವರಿಗೂ ಅದೇ ಪಟ್ಟಿ ತೋರಿಸುತ್ತಾರೆ. ಜೊತೆಯಲ್ಲಿ ನೋಂದಾಯಿಸಿಕೊಂಡ ಲೆಕ್ಕಪತ್ರ ಬಲ್ಲವರೊಬ್ಬರು ಡಬ್ಬಿಗಳಿಗೆ ಲೇಬಲ್ ಅಂಟಿಸುವ ಕೆಲಸ ಒಪ್ಪಿಕೊಂಡು, ಬೇಸತ್ತು ಬಿಟ್ಟರು. ಐಪಿಎಸ್ ಪದ್ಧತಿಯಲ್ಲಿ ವ್ಯಕ್ತಿಯ ಆಯ್ಕೆಗೇ ಮೊದಲ ಸ್ಥಾನ ಎಂದ ಮೇಲೆ, ಆ ಆಯ್ಕೆಗೆ ತಕ್ಕ ಮಾಲೀಕರನ್ನು ಹುಡುಕಿಕೊಂಡು ಹೋಗುವುದೂ ಸಂಸ್ಥೆಯದೇ ಹೊಣೆ. ಇಲ್ಲಿ ಅವರು ತೀರಾ ಹಿಂದೆ ಬಿದ್ದಿದ್ದಾರೆ. ಬಡ್ತಿಯ ವಿಷಯದಲ್ಲೂ ಅಷ್ಟೆ. ಮೇಲಿನ ಹುದ್ದೆಗೆ ಅರ್ಜಿ ಹಾಕಲು ನೆರವು ಕೇಳಿದಾಗ, ‘ಇರುವ ಕೆಲಸ ಉಳಿದರೆ ಸಾಕಲ್ಲವೇ’ ಎಂಬ ಉತ್ತರ ಬಂತು. ಅದು ನೋವು ಕೊಟ್ಟಿತು. ಕಾಯಿಲೆ ಇದ್ದವರಿಗೆ ಮೇಲೇರುವ ಆಸೆ ಇರಬಾರದೇ?

ಸೇರಬೇಕೆಂದಿರುವವರು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ: ಒಬ್ಬ ಸಲಹೆಗಾರರ ಕೈಯಲ್ಲಿ ಎಷ್ಟು ಜನ ಇದ್ದಾರೆ? ಐಪಿಎಸ್ ಮಾನದಂಡದಲ್ಲಿ ಅದು 20ಕ್ಕಿಂತ ಹೆಚ್ಚಿರಬಾರದು. ಸಂಖ್ಯೆ ಅದಕ್ಕಿಂತ ಬಹಳ ಮೇಲಿದ್ದರೆ, ಕೆಲಸಕ್ಕೆ ಸೇರಿದ ಮೇಲೆ ನಿಮ್ಮನ್ನು ವಿಚಾರಿಸುವವರು ಯಾರು, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಬರವಣಿಗೆಯಲ್ಲೇ ಕೇಳಿ ಪಡೆದುಕೊಳ್ಳಿ.